ಹಂಗಿಲ್ಲದ ಮುಪ್ಪು

ಮುಪ್ಪಿನ ಕಷ್ಟಗಳನ್ನು ನಮ್ಮ ಹಿರಿಯರು ಬಗೆಬಗೆಯಾಗಿ ಎಣಿಸಿದ್ದಾರೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ರಸಾಯನತಂತ್ರವು ಜರೆಯನ್ನು ತಡೆಯುವ ಉಪಾಯಗಳನ್ನೇ ಹೇಳಹೊರಟಿತು. ಭರ್ತೃಹರಿಯು ವೈರಾಗ್ಯಶತಕದಲ್ಲಿ ಜರೆಯನ್ನು ಎದುರಿಗೆ ನಿಂತು ಬೆದರಿಸುವ ಹೆಣ್ಣುಹುಲಿಗೆ ಹೋಲಿಸಿದನು. ಇವೆರಡೂ ಕಾಯದ ಕಡೆಗೆ ತಿರುಗಿದ ದೃಷ್ಟಿಗಳು. ಬಸವಣ್ಣನವರಾದರೋ ಮುಪ್ಪನ್ನು ಕುರಿತ ಸುಪ್ರಸಿದ್ಧವಾದ ತಮ್ಮ ವಚನದಲ್ಲಿ ದೇಹದ ಕುಂದುಗಳನ್ನು ಒಂದೊಂದಾಗಿ ಎಣಿಸುತ್ತ ಬಂದು, ಅವುಗಳ ಸಾಲಿನಲ್ಲಿಯೇ ಪರರ ಹಂಗಿಗೆ ಬೀಳುವುದನ್ನೂ ಸೇರಿಸಿಬಿಟ್ಟರು. ಹಲ್ಲು ಬೀಳುವುದೂ ಬೆನ್ನು ಬಾಗುವುದೂ ಪ್ರಕೃತಿಯ ಧರ್ಮ. ಅವನ್ನು ಯಾರೂ ತಪ್ಪಿಸಲಾರರು. ಆದರೆ ಹಂಗು ಪ್ರಕೃತಿಯಿಂದ ಬಂದುದಲ್ಲ, ಮನುಷ್ಯರು ಮನುಷ್ಯರ ಮೇಲೆ ಹೊರಿಸಿದ ಭಾರ. ಹೊರಿಸಿದವರೇ ಅದನ್ನು ಇಳಿಸಲೂ ಬಲ್ಲರು. ಇಳಿಸುವ ಬಗೆ ಯಾವುದೆಂಬುದೇ ಪ್ರಕೃತ ವಿಚಾರ.

ಮೊದಲು ಹಂಗೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಉಪಕಾರವೆಲ್ಲ ಹಂಗಲ್ಲ. ತಾಯಿಯಿಂದ ತುತ್ತು ಉಣ್ಣುವ ಕೂಸಿಗೆ ಹಂಗೆಂಬುದು ತಿಳಿಯದು. ಕೊಟ್ಟವನು ತಾನು ಕೊಟ್ಟುದನ್ನು ಮರೆಯದೆ, ಕೊಂಡವನೂ ಅದನ್ನು ಮರೆಯದಂತೆ ಮಾತಿನಿಂದಲೋ ಮೋರೆಯಿಂದಲೋ ಮೌನದಿಂದಲೋ ನೆನಪಿಸುತ್ತಿದ್ದಾಗ ಹುಟ್ಟುವ ಭಾರಕ್ಕೆ ಹಂಗೆಂದು ಹೆಸರು. ಅನ್ನ ಒಂದೇ ಆಗಿರಬಹುದು, ಔಷಧವೂ ಒಂದೇ ಆಗಿರಬಹುದು. ಹಂಗು ಬೆರೆತಾಗ ಅದೇ ಅನ್ನ ಗಂಟಲಲ್ಲಿ ಇಳಿಯದು.

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ವಿಚಾರಿಸುವುದಕ್ಕಿಂತ ಒಂದು ಸೀಮೆಯನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕನ್ನೂ, 2018ರಿಂದ ಪ್ರತ್ಯೇಕ ತಾಲೂಕುಗಳಾಗಿರುವ ಬೈಂದೂರು ಬ್ರಹ್ಮಾವರಗಳನ್ನೂ ತೆಗೆದುಕೊಳ್ಳೋಣ. ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ, ನಡುವೆ ಸೌಪರ್ಣಿಕೆ, ವಾರಾಹಿ, ಸೀತೆ ಮೊದಲಾದ ಹೊಳೆಗಳು ಹರಿಯುವ ಈ ನೆಲದ ಜನ ಬಹುಕಾಲದಿಂದ ಅನ್ನವನ್ನರಸಿ ದೂರ ಹೋಗುತ್ತ ಬಂದವರು. ಬೆಂಗಳೂರಿನಲ್ಲಿ 1924ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರುವಾಸಿಯಾದ ಉಪಾಹಾರಗೃಹಕ್ಕೆ ಮೊದಲು ಹಾಕಿದ ಮಯ್ಯ ಸೋದರರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. ಮುಂಬಯಿಯ ಹೋಟೆಲುಗಳು, ಬೆಂಗಳೂರಿನ ಬೇಕರಿಗಳು, ಅರಬರ ದೇಶದ ಕಚೇರಿಗಳು ಈ ಕರಾವಳಿಯ ತರುಣರನ್ನು ತಲೆಮಾರಿನಿಂದ ತಲೆಮಾರಿಗೆ ಕರೆಯುತ್ತಲೇ ಇವೆ. ಅವರು ಕಳುಹಿಸಿದ ಹಣದಿಂದ ಹುಲ್ಲಿನ ಮಾಡು ಹೆಂಚಿನದಾಯಿತು, ಹೆಂಚಿನದು ತಾರಸಿಯಾಯಿತು. ಆ ತಾರಸಿಯ ಮನೆಯ ಜಗಲಿಯಲ್ಲಿ ಇಂದು ಕುಳಿತಿರುವವರು ಅನೇಕ ಕಡೆ ಇಬ್ಬರು ಮುದುಕರು. ಇಲ್ಲವೆ ಒಬ್ಬಳೇ ಮುದುಕಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ದುಡಿಮೆಗಾಗಿ ಗಂಡಸರು ಊರು ಬಿಡುವುದು, ಹೆಂಗಸರು ಹೆಚ್ಚು ಕಾಲ ಬದುಕುವುದು, ಇವೆರಡರ ಕುರುಹು ಆ ಒಂದು ಸಂಖ್ಯೆಯಲ್ಲಿದೆ. ಅದೇ ಗಣತಿಯಲ್ಲಿ ಭಾರತದ ಜನರಲ್ಲಿ ಅರುವತ್ತು ದಾಟಿದವರು ಶೇಕಡಾ 8.6 ಇದ್ದರೆ, ಕರ್ನಾಟಕದಲ್ಲಿ ಶೇಕಡಾ 9.5ರಷ್ಟಿದ್ದರು.

ಇದು ಇಂದು ನಿನ್ನೆಯ ಸಂಗತಿಯೂ ಅಲ್ಲ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಈ ಕಡಲತಡಿಯ ಒಂದು ಮನೆತನದ ಮೂರು ತಲೆಮಾರುಗಳನ್ನು ಚಿತ್ರಿಸಿದ್ದಾರೆ. ಓದಿಗೆ, ಉದ್ಯೋಗಕ್ಕೆ, ಹೋಟೆಲಿಗೆ ಎಂದು ಜನ ಊರು ಬಿಡುತ್ತಿರಲು, ಸರಸೋತಿ ಪಾರೋತಿಯರಂಥ ಹೆಂಗಸರು ಗದ್ದೆಯನ್ನೂ ಮನೆಯನ್ನೂ ಹೊತ್ತು ಅಲ್ಲಿಯೇ ಸವೆಯುವುದನ್ನು ಓದಿದವರು ಮರೆಯಲಾರರು. ಕಾದಂಬರಿಯ ಕಾಲ ಕಳೆಯಿತು. ಸವೆಯುವವರು ಇನ್ನೂ ಇದ್ದಾರೆ.

ಈಗ ಅವರ ದೇಹಸ್ಥಿತಿಯ ಮಾತು. ದಪ್ಪ ಗ್ರಂಥಗಳ ರೋಗಗಳಿಗಿಂತ ಮೊದಲು ಅಂಗಳವನ್ನು ನೋಡಬೇಕು. ಈ ಸೀಮೆಯ ಮಳೆಗಾಲದಲ್ಲಿ ಅಂಗಳವೂ ಬಾವಿಕಟ್ಟೆಯೂ ಬಚ್ಚಲ ದಾರಿಯೂ ಪಾಚಿಗಟ್ಟಿ ಜಾರುತ್ತವೆ. ತರುಣನು ಜಾರಿದರೆ ನಕ್ಕು ಏಳುತ್ತಾನೆ. ಎಪ್ಪತ್ತೈದರ ಮುದುಕಿ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಮುರಿದ ಸೊಂಟ ಹಾಸಿಗೆಗೆ ಕೆಡಹುತ್ತದೆ. ಹಾಸಿಗೆಯು ಬೆನ್ನಹುಣ್ಣನ್ನೂ ಶ್ವಾಸಕೋಶದ ಕಫವನ್ನೂ ತರುತ್ತದೆ. ಹೀಗೆ ಒಂದು ಪಾಚಿಯ ಕಲ್ಲು ಒಂದು ಜೀವವನ್ನು ಕೊಂಡೊಯ್ಯುವುದುಂಟು. ಎರಡನೆಯದು ಊಟ. ಹಲ್ಲಿಲ್ಲದವರು ಮೂರು ಹೊತ್ತೂ ಕುಚ್ಚಲಕ್ಕಿಯ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ಉಂಡು, ಊಟವಾಯಿತೆನ್ನುತ್ತಾರೆ. ಗಂಜಿ ಸಾತ್ತ್ವಿಕವಾದ ಆಹಾರವೇನೋ ಸರಿ. ಆದರೆ ಬೇಳೆಯಿಲ್ಲದೆ, ಮೀನೋ ಹಾಲೋ ಇಲ್ಲದೆ ಮಾಂಸಖಂಡಗಳು ಕರಗುತ್ತವೆ, ಉಪ್ಪಿನಕಾಯಿಯ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ. ಮೂರನೆಯದು ದೂರ. 1953ರಲ್ಲಿ ಸ್ಥಾಪಿತವಾದ ಮಣಿಪಾಲದ ವೈದ್ಯಕೀಯ ಕಾಲೇಜು ಜಿಲ್ಲೆಗೆ ದೊಡ್ಡ ವರವೇ ಹೌದು. ಆದರೆ ಬೈಂದೂರಿನಿಂದ ಅದು ಸುಮಾರು 70 ಕಿಲೋಮೀಟರು. ಬಸ್ಸು ಹಿಡಿಯಬೇಕಾದರೆ ಅನೇಕ ಊರುಗಳಲ್ಲಿ ಚತುಷ್ಪಥವಾಗಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ದಾಟಬೇಕು. ಮಂದದೃಷ್ಟಿಯ ಮುದುಕನಿಗೆ ಆ ದಾಟುವಿಕೆಯೇ ಒಂದು ಭವಸಾಗರ.

ಇನ್ನೊಂದು ಸೂಕ್ಷ್ಮವಾದ ಸಂಗತಿಯಿದೆ. ಬೀಡಿ ಕಟ್ಟಿ, ಹಗ್ಗ ಹೊಸೆದು, ನೇಜಿ ನೆಟ್ಟು ದುಡಿದವರ ಬೆರಳ ತುದಿಯ ಗೆರೆಗಳು ಸವೆದುಹೋಗಿರುತ್ತವೆ. ಪಡಿತರದ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರವು ಅಂಥ ಬೆರಳನ್ನು ಎಷ್ಟೋ ಸಲ ಗುರುತಿಸುವುದಿಲ್ಲ. “ಇನ್ನೊಮ್ಮೆ ಒತ್ತಿ, ನಾಳೆ ಬನ್ನಿ” ಎಂಬ ಮಾತು ಬರುತ್ತದೆ. ಜೀವಮಾನವಿಡೀ ಮಾಡಿದ ಕಾಯಕವೇ ಕಾಯಕ ಮಾಡಿದವಳ ಗುರುತನ್ನು ಅಳಿಸಿತೆಂದಾಯಿತು! ಹಿಂದೆ ಅಂಚೆಯವನು ಮನೆಬಾಗಿಲಿಗೆ ತಂದುಕೊಡುತ್ತಿದ್ದ ವೃದ್ಧಾಪ್ಯವೇತನವು ಇಂದು ಖಾತೆಗೆ ಹೋಗುತ್ತದೆ. ಹಣ ಸೋರಿಹೋಗುವುದು ಇದರಿಂದ ತಪ್ಪಿತೆಂಬುದು ನಿಜ. ತಿಂಗಳಿಗೊಮ್ಮೆ ಬಂದು ಹೆಸರು ಹಿಡಿದು ಕರೆಯುತ್ತಿದ್ದ ಒಬ್ಬ ಮನುಷ್ಯನೂ ತಪ್ಪಿದನೆಂಬುದು ಅಷ್ಟೇ ನಿಜ.

ಇವೆಲ್ಲಕ್ಕೂ ಮಿಗಿಲಾದ ವ್ಯಾಧಿ ಒಂದುಂಟು, ಅದು ಮೌನ. ನೋವಿದ್ದರೂ ಹೇಳದಿರುವುದು. ದಿನಕ್ಕೊಂದು ನುಂಗಬೇಕಾದ ರಕ್ತದೊತ್ತಡದ ಗುಳಿಗೆಯನ್ನು ಎರಡು ದಿನಕ್ಕೊಂದು ನುಂಗಿ, ಒಂದು ತಿಂಗಳ ಔಷಧವನ್ನು ಎರಡು ತಿಂಗಳಿಗೆ ಎಳೆಯುವ ವೃದ್ಧರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕಣ್ಣಿನ ಪೊರೆ ಬೆಳೆದು ಎದುರಿನವರ ಮುಖ ಕಾಣದಿದ್ದರೂ ಕಾಣುತ್ತದೆನ್ನುವರು. ಕಿವಿ ಕೇಳದಿದ್ದಾಗ ಕೇಳಿದವರಂತೆ ತಲೆಯಾಡಿಸುವರು. ರಾತ್ರಿ ಮತ್ತೆ ಮತ್ತೆ ಏಳಬೇಕಾಗುವುದೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುವರು. ಮುಂಬಯಿಯಿಂದ ಮಗನ ಫೋನು ಬಂದರೆ “ಆರಾಮಿದ್ದೇನೆ ಮಗಾ” ಎಂಬುದೊಂದೇ ಉತ್ತರ. ಮನಸ್ಸು ಕುಗ್ಗಿ ಊಟ ನಿದ್ರೆಗಳು ಕೆಟ್ಟರೆ ಮುಪ್ಪಿನ ಸ್ವಭಾವವೆಂದು ಮನೆಯವರು ತಿಳಿಯುತ್ತಾರೆ. ನೆನಪು ಅಳಿಯತೊಡಗಿದರೆ ‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆ ಸಿದ್ಧವಾಗಿದೆ. ಖಿನ್ನತೆಯೂ ಮರೆಗುಳಿತನವೂ ರೋಗಗಳು, ಅವುಗಳಿಗೆ ವೈದ್ಯರ ಸಹಾಯವುಂಟು ಎಂಬುದನ್ನು ಗಾದೆ ಮುಚ್ಚಿಬಿಡುತ್ತದೆ. ಇಷ್ಟೆಲ್ಲ ಮೌನಕ್ಕೆ ಕಾರಣವೇನೆಂದು ವಿಚಾರಿಸಿದರೆ ಬರುವ ಮಾತು ಒಂದೇ: “ಮಕ್ಕಳಿಗೇಕೆ ತೊಂದರೆ?” ಇದೇ ಹಂಗಿನ ಭಯ. ಸಾವಿಗೆ ಅಂಜದವರೂ ಇದಕ್ಕೆ ಅಂಜುತ್ತಾರೆ. ಆದುದರಿಂದ ವೃದ್ಧರ ಆರೋಗ್ಯದ ಪ್ರಶ್ನೆಯು ಅರ್ಧ ವೈದ್ಯರದಾದರೆ ಇನ್ನರ್ಧ ಧರ್ಮದ್ದು.

ಇಲ್ಲಿ ವಚನಧರ್ಮವನ್ನು ಬಲ್ಲವರೇ ಒಂದು ಆಕ್ಷೇಪವನ್ನು ತರಬಹುದು. ಶರಣರು ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಎಣಿಸಿದರು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು ಕಾಯಕಕ್ಕಿಂತ ಮಿಗಿಲಿಲ್ಲವೆಂದನು. ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಚೆಲ್ಲಿ ಬರಹೇಳಿದಳು. ಇಂಥ ಕಟ್ಟುನಿಟ್ಟಿನ ಮಾರ್ಗದಲ್ಲಿ ಕೈಕಾಲು ಸೋತು ಕಾಯಕವೇ ನಿಂತವನಿಗೆ ಸ್ಥಾನವೆಲ್ಲಿ? ದುಡಿಯದವನು ಉಣ್ಣಬಾರದೆಂಬುದೇ ಧರ್ಮವಾದರೆ, ಹಾಸಿಗೆ ಹಿಡಿದವನ ತುತ್ತು ಅಧರ್ಮವಾಗಲಿಲ್ಲವೆ? ಬಾಯಲ್ಲಿ ಯಾರೂ ಹೀಗೆ ಕೇಳರು. ಆದರೆ ಮನೆಗಳಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಸುಳಿಯುತ್ತಿರುತ್ತದೆ. “ಕಾರಂತರು ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು, ನೀವು ಎಪ್ಪತ್ತಕ್ಕೇ ಕೂತುಬಿಟ್ಟಿರಲ್ಲ” ಎಂಬ ಮಾತೂ ಅದೇ ಪ್ರಶ್ನೆಯ ಮರಿ. 1997ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಮಹನೀಯರ ಚೈತನ್ಯವು ಮೆಚ್ಚತಕ್ಕದ್ದು. ಅದನ್ನು ಇನ್ನೊಬ್ಬ ಮುದುಕನ ಬೆನ್ನಿಗೆ ಬಾರುಕೋಲಾಗಿ ಬಳಸತಕ್ಕದ್ದಲ್ಲ.

ಈ ಆಕ್ಷೇಪಕ್ಕೆ ಸಮಾಧಾನ ಎರಡು ಬಗೆ. ಮೊದಲನೆಯದಾಗಿ, ಕಾಯಕದ ನಿಯಮವನ್ನು ಶರಣರು ತಮ್ಮ ಮೇಲೆ ತಾವು ಹಾಕಿಕೊಂಡರು. ಪರರ ತುತ್ತನ್ನು ಅಳೆಯುವ ಕೊಳಗವನ್ನಾಗಿ ಮಾಡಿಕೊಳ್ಳಲಿಲ್ಲ. ಲಕ್ಕಮ್ಮನ ಕಟ್ಟಳೆ ತನ್ನ ಮನೆಯ ಅಕ್ಕಿಗೇ ಹೊರತು ನೆರೆಮನೆಯ ಮುದುಕಿಯ ಗಂಜಿಗಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ವಚನಧರ್ಮದಲ್ಲಿ ಕಾಯಕವು ಒಂಟಿಯಾಗಿ ನಿಂತುದಲ್ಲ, ದಾಸೋಹದೊಡನೆ ಹುಟ್ಟಿದುದು. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು. ಮನೆಬಾಗಿಲಿಗೆ ಬಂದ ಜಂಗಮನು ಉಂಡು ಹೊರಟಾಗ ಯಾರು ಯಾರಿಗೆ ಕೃತಜ್ಞರು? ಉಣಿಸಿದವನೇ ಕೈಮುಗಿಯುತ್ತಾನೆ, ಉಂಡವನು ತಲೆಯೆತ್ತಿ ನಡೆಯುತ್ತಾನೆ. ಹಾಗಿರಲು ಹಂಗಿಲ್ಲದ ಅನ್ನವೆಂಬುದು ಕಲ್ಪನೆಯಲ್ಲ. ನಮ್ಮ ಪಡಸಾಲೆಗಳಲ್ಲಿ ಶತಮಾನಗಳಿಂದ ಬಡಿಸಿಕೊಂಡು ಬಂದ ಅನ್ನವದು. ಪ್ರಶ್ನೆಯಿಷ್ಟೆ: ಅಪರಿಚಿತನಾದ ಜಂಗಮನಿಗೆ ಸಲ್ಲುವ ಆ ಮರ್ಯಾದೆ ಒಳಕೋಣೆಯಲ್ಲಿ ಮಲಗಿದ ಅಜ್ಜಿಗೆ ಏಕೆ ಸಲ್ಲಬಾರದು?

ಹಿರಿಯರನ್ನು ನೋಡಿಕೊಳ್ಳುವುದಕ್ಕೆ ಲೋಕದಲ್ಲಿ ಮೂರು ಆಧಾರಗಳನ್ನು ಹೇಳುವುದುಂಟು: ಋಣ, ದಾನ, ದಾಸೋಹ. ಇವು ಮೂರೂ ಒಂದೇ ಎಂದು ತಿಳಿಯುವುದರಿಂದಲೇ ತೊಡಕು ಹುಟ್ಟಿದೆ.

ಋಣವೆಂದರೆ, ಸಾಕಿದವರನ್ನು ಸಾಕುವುದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ತಾಯಿತಂದೆಗಳನ್ನು ದೇವರೆಂದೇ ಭಾವಿಸಬೇಕೆಂದು ಶಿಷ್ಯನಿಗೆ ಬೋಧಿಸುತ್ತದೆ. ನಮ್ಮ ಕಾಲದ ಶಾಸನವೂ ಋಣದ ಮೇಲೆಯೇ ನಿಂತಿದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಂತೆ, ತಮ್ಮ ಆದಾಯದಿಂದ ಜೀವಿಸಲಾರದ ತಂದೆತಾಯಿಗಳು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಪೋಷಣಾವೆಚ್ಚವನ್ನು ಕೇಳಬಹುದು. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿಗೆ ಬಾಧ್ಯರಾಗತಕ್ಕ ಬಂಧುಗಳಿಂದ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆದುಕೊಟ್ಟಿದ್ದು, ಪಡೆದವನು ಕೈಬಿಟ್ಟರೆ ಆ ವರ್ಗಾವಣೆಯನ್ನೇ ರದ್ದುಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ಕ್ಷೇಮವೆಂಬುದನ್ನು ಆಸ್ತಿ ಬರೆದುಕೊಡುವ ಹಿರಿಯರೆಲ್ಲ ತಿಳಿದಿರಬೇಕು. ಹಿರಿಯರನ್ನು ತ್ಯಜಿಸಿದವರಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನೂ ಕಾಯಿದೆ ಹೇಳಿದೆ. ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು; ಈ ಸೀಮೆಯವರಿಗೆ ಆ ಕಚೇರಿ ಕುಂದಾಪುರದಲ್ಲಿಯೇ ಇದೆ. ಒಳ್ಳೆಯ ಕಾಯಿದೆಯೆಂಬುದರಲ್ಲಿ ಸಂದೇಹವಿಲ್ಲ. ಕೈಬಿಡಲ್ಪಟ್ಟವರು ಅದನ್ನು ಬಳಸುವುದಕ್ಕೆ ನಾಚಬೇಕಾಗಿಯೂ ಇಲ್ಲ. ಆದರೂ ಅದು ಕೊನೆಯ ಮೆಟ್ಟಿಲು. ಹೆತ್ತ ಮಗನ ಮೇಲೆ ಅರ್ಜಿ ಬರೆಯುವ ತಾಯಿಯ ಕೈ ನಡುಗುತ್ತದೆ. ಕಾಯಿದೆಯು ಹಣವನ್ನು ಕೊಡಿಸಬಲ್ಲುದು. ಉಂಡಿರಾ ಎಂದು ಕೇಳಿಸಲಾರದು. ಅಲ್ಲದೆ ಋಣವೆಂಬುದು ಲೆಕ್ಕ. ಸಾಲ ತೀರಿತೆಂದು ಮಗನೂ, ತೀರಿಲ್ಲವೆಂದು ತಂದೆಯೂ ಎಣಿಸತೊಡಗಿದರೆ ಮನೆ ಅಂಗಡಿಯಾಗುತ್ತದೆ. ಮಕ್ಕಳೂ ಆಸ್ತಿಯೂ ಇಲ್ಲದ ಬೀಡಿಯ ಅಜ್ಜಿಗೆ ಋಣಿಗಳಾದವರು ಯಾರು?

ಅಂಥವರ ಪಾಲಿಗೆ ಉಳಿದುದು ದಾನವೆನ್ನೋಣವೆ? ದಾನವು ಹಸಿವನ್ನು ನೀಗುತ್ತದೆ, ಅದನ್ನು ಹಳಿಯಬಾರದು. ಆದರೆ ಒಂದು ಕಂಬಳಿ ಕೊಟ್ಟು, ಹತ್ತು ಜನ ಹಿಂದೆ ನಿಂತು, ಮುದುಕನಿಂದ ಕೈಮುಗಿಸಿ ಚಿತ್ರ ತೆಗೆಸಿಕೊಳ್ಳುವುದನ್ನು ನೋಡುತ್ತಿದ್ದೇವಲ್ಲ! ಕಂಬಳಿಯ ಬೆಚ್ಚಗೆ ಒಂದು ಮಳೆಗಾಲ ಉಳಿದೀತು. ಆ ಚಿತ್ರದ ಹಂಗು ಅವನು ಸಾಯುವವರೆಗೆ ಉಳಿಯುತ್ತದೆ.

ದಾಸೋಹವು ಇವೆರಡರಿಂದಲೂ ಭಿನ್ನವಾದುದು. ಅಲ್ಲಿ ಕೊಡುವವನು ದಾಸನು. ಕೊಟ್ಟೆನೆಂಬ ನೆನಪೇ ಅವನಿಗೆ ಮೈಲಿಗೆ. ಋಣಿಯು ಕೇಳಿದ ಮೇಲೆ ಕೊಡುತ್ತಾನೆ, ದಾನಿಯು ಬೇಡಿದ ಮೇಲೆ ಕೊಡುತ್ತಾನೆ. ದಾಸೋಹಿಯು ಬೇಡುವ ಮೊದಲೇ ಹೋಗಿ ವಿಚಾರಿಸುತ್ತಾನೆ. ವೃದ್ಧರ ಆರೋಗ್ಯಕ್ಕೆ ದಾಸೋಹದಿಂದಲೇ ಹೆಚ್ಚಿನ ಹಿತವೇಕೆಂದರೆ, ಅವರ ರೋಗದ ಬೇರು ಬೇಡಲಾರದ ಮೌನದಲ್ಲಿದೆ. ಬೇಡಿದವರಿಗೆ ಮಾತ್ರ ಕೊಡುವ ವ್ಯವಸ್ಥೆ ಎಷ್ಟೇ ಉದಾರವಾಗಿದ್ದರೂ ಬೇಡಲಾರದವರನ್ನು ಮುಟ್ಟದು.

ಹಳೆಯ ಕಾಲದಲ್ಲಿ ಇದೆಲ್ಲ ಸರಿಯಾಗಿತ್ತೆಂದು ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬ್ರಹ್ಮಾವರ ತಾಲೂಕಿನ ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯದೊಡನೆ ಬೆಸೆದ ಅಳಿಯಸಂತಾನದ ಪದ್ಧತಿಯಲ್ಲಿ, ಗಂಡ ಸತ್ತ ಹೆಂಗಸಿಗೆ ತನ್ನ ತಾಯಿಯ ಮನೆಯಲ್ಲಿ ಮೂಲೆಯ ಕೋಣೆಯೊಂದು ಹಕ್ಕಿನಿಂದಲೇ ಇತ್ತು; ಅಲ್ಲಿ ಅವಳಿಗೆ ಹಂಗಿರಲಿಲ್ಲ. ಆದರೆ ಅದೇ ಪದ್ಧತಿಯಲ್ಲಿ ಹೆಂಡತಿಯ ಮನೆಯಲ್ಲಿ ಮುದಿಯಾದ ಗಂಡಸಿಗೆ ಅಂಥ ಹಕ್ಕಿರಲಿಲ್ಲ. ಈ ಪ್ರಾಂತವು ಮದರಾಸಿಗೆ ಸೇರಿದ್ದ ಕಾಲದ 1949ರ ಅಳಿಯಸಂತಾನ ಕಾಯಿದೆಯೂ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ದೊಡ್ಡ ಮನೆಗಳು ಪಾಲಾಗುವುದಕ್ಕೆ ದಾರಿಯಾದುವು. ಪಾಲು ನ್ಯಾಯವಾದುದೇ, ಆದರೆ ಗದ್ದೆಗೂ ತೋಟಕ್ಕೂ ಪಾಲುಪಟ್ಟಿ ಬರೆದವರು ಮೂಲೆಯ ಕೋಣೆಯ ಅಜ್ಜಿ ಯಾರ ಪಾಲಿಗೆಂಬುದನ್ನು ಬರೆಯಲಿಲ್ಲ.

ಇನ್ನೊಂದು ನ್ಯಾಯವಾದ ಆಕ್ಷೇಪವನ್ನೂ ಕೇಳಬೇಕು. ಬೆಂಗಳೂರಿನ ಬೇಕರಿಯಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ನಿಲ್ಲುವ ಮಗನು ಊರಿಗೆ ಬಂದು ಕೂರುವುದು ಹೇಗೆ? ಊರಿನಲ್ಲಿಯೇ ಉಳಿದ ಸೊಸೆಯೋ ಮಗಳೋ ಎಷ್ಟೆಂದು ಹೊರುವಳು? ಎಂಬತ್ತೈದರ ಅತ್ತೆಯನ್ನು ಎತ್ತಿ ಕೂರಿಸುವ ಸೊಸೆಗೆ ತಾನೇ ಅರುವತ್ತಾಗಿರುವುದುಂಟು. ಅವಳ ಮಂಡಿನೋವನ್ನು ಕೇಳುವವರಿಲ್ಲ. ಒಬ್ಬಳ ಹೆಗಲಿಗೆ ಎಲ್ಲವನ್ನೂ ಹೊರಿಸಿ ಅದನ್ನು ಸೇವೆಯೆಂದು ಹೊಗಳುವುದು ಧರ್ಮವಲ್ಲ, ಜಾಣತನ. ದಾಸೋಹವೆಂದೂ ಒಬ್ಬನ ಕೆಲಸವಾಗಿರಲಿಲ್ಲ. ಒಬ್ಬನು ಸೌದೆ ತಂದನು, ಒಬ್ಬನು ನೀರು ಹೊತ್ತನು, ಇನ್ನೊಬ್ಬನು ಎಲೆ ಹಾಸಿದನು. ಊರು ಕೂಡಿ ಮಾಡುವುದಕ್ಕೇ ಆ ಹೆಸರು ಒಪ್ಪುತ್ತದೆ.

ಊರು ಕೂಡಿ ಮಾಡುವುದೆಂದರೆ ಹೇಗೆಂಬುದಕ್ಕೆ ಇದೇ ಜಿಲ್ಲೆಯಿಂದ ಒಂದು ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಉಳಿತಾಯವನ್ನೂ ಸಂಗ್ರಹಕಾರನೊಬ್ಬನು ದಿನವೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಆ ಯುಕ್ತಿಯ ಸಾರವು ಚಿಂತನೀಯವಾಗಿದೆ. ಬಡವನು ಬ್ಯಾಂಕಿಗೆ ಬರಲೆಂದು ಕಾಯದೆ ಬ್ಯಾಂಕೇ ಬಡವನ ಬಾಗಿಲಿಗೆ ಹೋಯಿತು. ಎರಡಾಣೆಗಾಗಿ ದಿನವೂ ಒಂದು ಬಾಗಿಲಿಗೆ ಹೋಗಬಹುದಾದರೆ, ಒಂದು ಜೀವಕ್ಕಾಗಿ ಎರಡು ದಿನಕ್ಕೊಮ್ಮೆ ಹೋಗಲಾಗದೆ?

ಬೇಕಾದ ಕೆಲಸಗಳೂ ದೊಡ್ಡವಲ್ಲ. ಮಳೆಗಾಲಕ್ಕೆ ಮುನ್ನ ಅಂಗಳದ ಪಾಚಿಯನ್ನು ಕೆರೆದು, ನಡೆಯುವ ದಾರಿಗೆ ಅಡಕೆಯ ಸೋಗೆ ಹಾಸುವುದು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಗೂಟ, ರಾತ್ರಿ ಏಳುವಾಗ ಕಾಣಲು ಒಂದು ಸಣ್ಣ ದೀಪ. ತಿಂಗಳಿಗೊಮ್ಮೆ ಗುಳಿಗೆಗಳನ್ನು ಎಣಿಸಿ ನೋಡುವುದು. ಆಶಾ ಕಾರ್ಯಕರ್ತೆಗೆ ಇಂಥ ಮನೆಯಲ್ಲಿ ಇಂಥವರಿದ್ದಾರೆಂದು ತಿಳಿಸುವುದು. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಜೊತೆಗೆ ಹೋಗುವುದು. ಬ್ಯಾಂಕಿನ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲುವುದು. ಹಿಂಸೆಗೋ ತ್ಯಾಗಕ್ಕೋ ಗುರಿಯಾದವರ ಪರವಾಗಿ 14567 ಎಂಬ ಹಿರಿಯರ ಸಹಾಯವಾಣಿಗೆ ತಾವೇ ಕರೆಮಾಡುವುದು. ಶಾಲೆಯ ಮಕ್ಕಳು ಸಂಜೆ ಹೋಗಿ ಪತ್ರಿಕೆ ಓದಿ ಹೇಳಬಹುದು. ಹೋದವರು ಉಪದೇಶ ಮಾಡದೆ ಕೇಳಿಸಿಕೊಳ್ಳಲಿ. ಗದ್ದೆಯ ಬೀಜದ ಮಾತೋ, ಹಳೆಯ ನೆರೆಯ ಕಥೆಯೋ, ಆ ಹಿರಿಯರು ಕೊಡುವುದನ್ನು ಪಡೆದು ಬರಲಿ. ಕೊಡಲು ಏನೂ ಉಳಿದಿಲ್ಲದವರು ಸುಮ್ಮನೆ ನೋಡುತ್ತ ಕುಳಿತರೆ ಅದನ್ನೂ ಪಡೆದು ಬರಲಿ.

ಹಿರಿಯರಲ್ಲಿಯೂ ಒಂದು ವಿಜ್ಞಾಪನೆಯಿದೆ. ನೋವನ್ನು ಬಚ್ಚಿಡುವುದು ಮಕ್ಕಳ ಮೇಲಿನ ವಾತ್ಸಲ್ಯವೆಂದು ತಾವು ತಿಳಿದಿದ್ದೀರಿ. ಬಚ್ಚಿಟ್ಟ ಸಣ್ಣ ನೋವು ದೊಡ್ಡದಾಗಿ ಹೊರಬಿದ್ದಾಗ ಮಕ್ಕಳಿಗೆ ಆಗುವ ತೊಂದರೆ ನೂರ್ಮಡಿಯಾಗುತ್ತದೆ. ‘ಮೊದಲೇ ಹೇಳಬಾರದಿತ್ತೆ’ ಎಂಬ ಸಂಕಟವು ಅವರನ್ನು ಜೀವಮಾನವಿಡೀ ಬಿಡದು. ಹೇಳುವುದು ಬೇಡುವುದಲ್ಲ.

ಬಸವಣ್ಣನವರ ಆ ವಚನವು ಮುಪ್ಪು ಬರುವ ಮುನ್ನವೇ ಕೂಡಲಸಂಗನನ್ನು ಪೂಜಿಸೆಂದು ಎಚ್ಚರಿಸಲು ಹುಟ್ಟಿದುದು. ಅದು ಮುದುಕರಿಗೆ ಹೇಳಿದ ಮಾತಲ್ಲ, ಕೈಕಾಲುಗಳಲ್ಲಿ ಕಸುವಿರುವವರಿಗೆ ಹೇಳಿದ ಮಾತು. ಕಸುವಿರುವಾಗ ಮಾಡತಕ್ಕ ಪೂಜೆಗಳಲ್ಲಿ ಕಸುವಳಿದವರ ಸೇವೆಗಿಂತ ಹತ್ತಿರದ್ದು ಯಾವುದಿದ್ದೀತು? ಕುಂದಾಪುರದ ಕಡೆಯ ಆಡುಮಾತಿನಲ್ಲಿ ಮನೆಯ ಮುಂದೆ ನಿಂತು ಒಳಗಿನವರನ್ನು “ಹ್ವಾಯ್” ಎಂದು ಕರೆಯುತ್ತಾರೆ. ನಾಳೆ ಬೆಳಗ್ಗೆ ಒಂದು ಜಗಲಿಯ ಮುಂದೆ ನಿಂತು ಆ ಒಂದು ಕರೆ ಕರೆಯುವುದರಿಂದ ಈ ದಾಸೋಹವು ಮೊದಲಾಗಬಹುದು. ಒಳಗಿನಿಂದ ಉತ್ತರ ಬರುವವರೆಗೆ ಅಲ್ಲಿಯೇ ನಿಲ್ಲತಕ್ಕದ್ದು.